ಪದಚರ್ಚೆ: ಆಸ್ಪತ್ರೆಯ ಫಲಕದಲ್ಲಿ ‘ಮೆಡಿಕಲ್ ಫಿಸಿಸಿಸ್ಟ್’ ಎಂಬುದಕ್ಕೆ ಏನು ಬರೆಸಬೇಕು?

ಪ್ರಶ್ನೆ:

ಮಾನ್ಯರೇ, ಆಸ್ಪತ್ರೆಯೊಂದರ ರೇಡಿಯಾಲಜಿ ವಿಭಾಗಕ್ಕೆ ಬಾಗಿಲ ಫಲಕಗಳನ್ನು ಬರೆಸುತ್ತಿದ್ದೇವೆ. ಶುಕ್ರವಾರದೊಳಗೆ ಒಕ್ಕಣೆ ಅಚ್ಚಿಗೆ ಹೋಗಬೇಕು. ‘ಮೆಡಿಕಲ್ ಫಿಸಿಸಿಸ್ಟ್’ ಎಂಬ ಹುದ್ದೆಗೆ ಒಬ್ಬರು ‘ವಿಕಿರಣ ತಜ್ಞ’ ಎನ್ನುತ್ತಾರೆ, ಇನ್ನೊಬ್ಬರು ‘ಭೌತತಜ್ಞ’ ಸಾಕೆನ್ನುತ್ತಾರೆ. ರೋಗಿಗಳು ದಾರಿ ತಪ್ಪದಂತಹ ಹೆಸರನ್ನು ದಯವಿಟ್ಟು ಸೂಚಿಸಿ.

ಮೊದಲ ಉತ್ತರ:

‘ಭೌತ’ವೂ ಸಂಸ್ಕೃತ, ‘ವಿಕಿರಣ’ವೂ ಸಂಸ್ಕೃತ. ಕಿರಣಕ್ಕೆ ‘ಕದಿರು’ ನಮ್ಮಲ್ಲಿರುವಾಗ, ಭೌತವಿಜ್ಞಾನಕ್ಕೆ ‘ಪುರುಳರಿಮೆ’ಯನ್ನು ಹಲವರು ಬಳಸುತ್ತಿರುವಾಗ, ‘ಮದ್ದಿನ ಪುರುಳರಿಗ’ ಎಂದು ಬರೆಸಲು ಏನಡ್ಡಿ? ಎರವಲನ್ನು ಫಲಕಕ್ಕೇರಿಸಿ ಅದನ್ನೇ ಕನ್ನಡವೆನ್ನುವುದನ್ನು ನಾನು ಒಪ್ಪುವುದಿಲ್ಲ.

ಎರಡನೆಯ ಉತ್ತರ:

‘ಮದ್ದು’ ಔಷಧವೂ ಹೌದು, ಸಿಡಿಮದ್ದೂ ಹೌದು; ಆ ಫಲಕ ಆಸ್ಪತ್ರೆಗೆ ಬೇಡ. ‘ವಿಕಿರಣ ತಜ್ಞ’ವೂ ಸಲ್ಲದು, ಏಕೆಂದರೆ ಸ್ಕ್ಯಾನ್ ನೋಡಿ ವರದಿ ಬರೆಯುವ ವೈದ್ಯರನ್ನೂ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ವೈದ್ಯರನ್ನೂ ಜನ ಆಗಲೇ ಆ ಹೆಸರಿನಿಂದ ಗುರುತಿಸುತ್ತಾರೆ.

ಹೆಸರಿಡುವ ಮುನ್ನ ಮೆಡಿಕಲ್ ಫಿಸಿಸಿಸ್ಟರ ಕೆಲಸವನ್ನು ನೋಡಬೇಕು. ಸಿ.ಟಿ. ಯಂತ್ರದ ಮಂಚದ ಮೇಲೆ ತಲೆಗೆ ಬದಲಾಗಿ 16 ಸೆಂ.ಮೀ., ಒಡಲಿಗೆ ಬದಲಾಗಿ 32 ಸೆಂ.ಮೀ. ವ್ಯಾಸದ ಅಕ್ರಿಲಿಕ್ ಉರುಳೆಯನ್ನಿಟ್ಟು, ಅದರ ತೂತುಗಳಿಗೆ ಪೆನ್ಸಿಲಿನಷ್ಟು ಸಪೂರವಾದ ಅಳತೆಯ ಕಡ್ಡಿಯನ್ನು ತೂರಿಸಿ, ಯಂತ್ರ ಒಂದು ಸುತ್ತು ತಿರುಗಿದಾಗ ಎಷ್ಟು ವಿಕಿರಣ ತಾಗಿತೆಂದು ಇವರು ಲೆಕ್ಕ ಹಾಕುತ್ತಾರೆ. ಚಿತ್ರ ಸ್ಪಷ್ಟವಾಗಿ ಮೂಡಬೇಕು, ಆದರೆ ರೋಗಿಗೆ ಅಗತ್ಯಕ್ಕಿಂತ ಹೆಚ್ಚು ಡೋಸ್ ತಗಲಬಾರದು. ಇವೆರಡನ್ನೂ ಸರಿದೂಗಿಸುವ ಹೊಣೆ ಇವರದು. ಸಿಬ್ಬಂದಿ ಸೀಸದ ಏಪ್ರನ್ನಿನೊಳಗೆ ಎದೆಗೆ ಸಿಕ್ಕಿಸಿಕೊಳ್ಳುವ, ಮೈಗೆ ತಾಗಿದ ವಿಕಿರಣವನ್ನು ಅಳೆಯುವ ಟಿ.ಎಲ್.ಡಿ. ಬ್ಯಾಡ್ಜುಗಳ ವರದಿಯನ್ನು ನೋಡಿ, ಅಣುಶಕ್ತಿ ನಿಯಂತ್ರಣ ಮಂಡಳಿ ವಿಧಿಸಿರುವ ಮಿತಿಯನ್ನು, ಅಂದರೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ವಿಕಿರಣದ ಡೋಸಿನ ಅಳತೆ), ಯಾವುದೇ ಒಂದು ವರ್ಷದಲ್ಲಿ 30, ಯಾರೂ ದಾಟದಂತೆ ಕಾಯುವುದೂ ಅನೇಕ ಕಡೆ ಇವರ ಪಾಲಿಗೇ ಬರುತ್ತದೆ. ಇದು ಅಪ್ಪಟ ಭೌತವಿಜ್ಞಾನ. ಅದನ್ನು ಮರೆಮಾಡುವ ಹೆಸರು ಈ ಜನರಿಗೆ ಮಾಡುವ ಅನ್ಯಾಯ.

ಹಾಗೆಂದು ಬರೀ ‘ಭೌತತಜ್ಞ’ ಎಂದರೆ, ಫಿಸಿಯೋಥೆರಪಿಗೆ ‘ಭೌತಚಿಕಿತ್ಸೆ’ ಎಂಬ ಹೆಸರು ಓಡಾಡುತ್ತಿರುವುದರಿಂದ, ಮಂಡಿನೋವಿನವರು ಬಂದು ಅದೇ ಬಾಗಿಲು ತಟ್ಟುತ್ತಾರೆ. ‘ವೈದ್ಯಕೀಯ ಭೌತವಿಜ್ಞಾನಿ’ ಎಂದು ಬರೆಸಿ, ಕೆಳಗೆ ಸಣ್ಣಕ್ಷರದಲ್ಲಿ ‘ವಿಕಿರಣದ ಅಳತೆ ಮತ್ತು ಸುರಕ್ಷತೆ’ ಎಂದು ಸೇರಿಸಿ. ‘ವಿಜ್ಞಾನಿ’ ಹೆಣ್ಣಿಗೂ ಗಂಡಿಗೂ ಒಪ್ಪುವುದರಿಂದ ‘ತಜ್ಞ’, ‘ತಜ್ಞೆ’ ಎಂಬ ತಕರಾರೂ ಇರುವುದಿಲ್ಲ.

ಎರವಲಿನ ವಿಷಯದಲ್ಲಿ ಒಂದೇ ಮಾತು. ‘ಡೋಸ್’, ‘ಸ್ಕ್ಯಾನ್’ ರೋಗಿಯ ಮನೆಮಂದಿಯ ಬಾಯಲ್ಲೇ ಇವೆ. ಅವನ್ನು ಓಡಿಸುವುದರಿಂದ ಕನ್ನಡಕ್ಕೆ ಬಲ ಬರುವುದಿಲ್ಲ. ಬಲ ಬರುವುದು ಇರುವ ಪದಗಳನ್ನು ಸರಿಯಾಗಿ ಬಳಸುವುದರಿಂದ. ಎಕ್ಸ್-ರೇ ಕೋಣೆಯ ಬಾಗಿಲಿಗೆ ‘ವಿಕಿರಣಶೀಲ’ ಎಂದಂತೂ ಬರೆಸಬೇಡಿ. ಟೆಕ್ನೀಷಿಯಂನಂತೆ ತಾನಾಗಿಯೇ ವಿಕಿರಣ ಸೂಸುವ ವಸ್ತುವಿಗೆ ಆ ಪದ ಸಲ್ಲುತ್ತದೆ. ಎಕ್ಸ್-ರೇ ಕೊಳವೆ ವಿದ್ಯುತ್ ನಿಂತೊಡನೆ ಏನನ್ನೂ ಸೂಸುವುದಿಲ್ಲ. ಅಲ್ಲಿಗೆ ‘ಎಚ್ಚರಿಕೆ: ಎಕ್ಸ್-ರೇ ವಿಕಿರಣ’ ಎಂದಷ್ಟೇ ಬರೆಸಿ.