ಬತ್ತುತ್ತಿರುವ ಸರೋವರದ ಸಾಕ್ಷ್ಯಚಿತ್ರ: ನಿಧಾನವಾದ ನಷ್ಟವನ್ನು ತೋರಿಸುವುದು ಹೇಗೆ?

ಪ್ರಶ್ನೆ

ನಮಸ್ಕಾರ. ಎರಡು ವರ್ಷಗಳಿಂದ ನಾನು ಒಂದು ಸರೋವರವನ್ನು ಕುರಿತ ಸಾಕ್ಷ್ಯಚಿತ್ರದಲ್ಲಿ ತೊಡಗಿದ್ದೇನೆ. ಅದಕ್ಕೆ ನೀರು ತರುತ್ತಿದ್ದ ನದಿಯನ್ನು ಮೇಲ್ಭಾಗದಲ್ಲಿ ನೀರಾವರಿಗೆ ತಿರುಗಿಸಿಕೊಂಡ ಮೇಲೆ ದಡವು ವರ್ಷದಿಂದ ವರ್ಷಕ್ಕೆ ಹಿಂದೆ ಸರಿದಿದೆ. ದೋಣಿ ಕಟ್ಟುತ್ತಿದ್ದ ಕಂಬಗಳು ಈಗ ಒಣನೆಲದಲ್ಲಿ ನಿಂತಿವೆ. ಸುಮಾರು ಅರವತ್ತು ಗಂಟೆಗಳ ದೃಶ್ಯಗಳು ಕೈಯಲ್ಲಿವೆ. ಆದರೆ ಮೊದಲ ಹಂತದ ಸಂಕಲನವನ್ನು ಪರಿಚಯದ ಕೆಲವರಿಗೆ ತೋರಿಸಿದಾಗ ಹೆಚ್ಚಿನವರು ಆಡಿದ ಮೊದಲ ಮಾತು "ಎಷ್ಟು ಚೆನ್ನಾಗಿದೆ" ಎಂಬುದಾಗಿತ್ತು. ಸಂಜೆಯ ಬೆಳಕಿನಲ್ಲಿ ಬಿರುಕುಬಿಟ್ಟ ಕೆಸರು ನಿಜಕ್ಕೂ ಚೆಲುವಾಗಿಯೇ ಕಾಣುತ್ತದೆ. ಅಲ್ಲಿ ಏನು ಕಳೆದುಹೋಗಿದೆ ಎಂಬುದು ಮಾತ್ರ ಯಾರಿಗೂ ತಟ್ಟಲಿಲ್ಲ, ಅದು ನನ್ನನ್ನು ಬಹಳ ಕಾಡಿತು.

ಈಗ ಎರಡು ಸಂದೇಹಗಳಿವೆ. ಹಿನ್ನೆಲೆ ನಿರೂಪಣೆಯಲ್ಲಿ ಅಂಕಿಅಂಶಗಳನ್ನು ಹೇಳಿಸಿದರೆ ಈ ಕೊರತೆ ನೀಗುತ್ತದೆಯೇ? ಇನ್ನೊಂದು, ಮೀನು ಹಿಡಿಯುವುದನ್ನು ಬಿಟ್ಟು ಹಲವು ವರ್ಷಗಳಾದ ಹಿರಿಯ ಮೀನುಗಾರರೊಬ್ಬರು ಚಿತ್ರದಲ್ಲಿದ್ದಾರೆ. ನೀರು ಉಳಿದಿರುವ ಕಡೆ ಅವರಿಂದ ಮತ್ತೊಮ್ಮೆ ಬಲೆ ಬೀಸಿಸಿ ಚಿತ್ರೀಕರಿಸುವುದು ಪ್ರಾಮಾಣಿಕವಾಗುತ್ತದೆಯೇ?

ಉತ್ತರ 1

ಒಣಗಿದ ಕೆಸರನ್ನಷ್ಟೇ ಕಂಡವರಿಗೆ ಅಲ್ಲಿ ನೀರಿತ್ತೆಂಬ ನೆನಪಿರುವುದಿಲ್ಲ, ನೆನಪಿಲ್ಲದವರಿಗೆ ನಷ್ಟವೂ ಕಾಣುವುದಿಲ್ಲ. ಆದ್ದರಿಂದ ಆ ನೆನಪನ್ನು ನಿಮ್ಮ ಚಿತ್ರವೇ ಮೊದಲು ಕಟ್ಟಿಕೊಡಬೇಕಾಗುತ್ತದೆ, ಅದಕ್ಕೆ ಕದಲದ ಒಂದು ಚೌಕಟ್ಟು ಬೇಕು. ಛಾಯಾಗ್ರಾಹಕ ಜೇಮ್ಸ್ ಬಾಲೋಗ್ ಅವರು 2007ರಲ್ಲಿ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಅಲಾಸ್ಕಾ ಮೊದಲಾದ ಕಡೆ ಹಿಮನದಿಗಳ ಎದುರು ಕ್ಯಾಮೆರಾಗಳನ್ನು ಬಂಡೆಗೆ ಬಿಗಿದು, ಹಗಲಿರುವಷ್ಟು ಹೊತ್ತು ನಿಗದಿತ ಅಂತರದಲ್ಲಿ ಅವು ತಾವಾಗಿಯೇ ಚಿತ್ರ ತೆಗೆಯುವಂತೆ ಮಾಡಿದರು. ಮೊದಮೊದಲು ಹಲವು ಕ್ಯಾಮೆರಾಗಳು ಕೈಕೊಟ್ಟವು. ಆದರೂ ಬಿಡದೆ ವರ್ಷಗಟ್ಟಲೆ ಕೂಡಿಸಿದ ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿದಾಗ, ಕಣ್ಣಿಗೆ ನಿಶ್ಚಲವಾಗಿ ಕಾಣುವ ಹಿಮನದಿ ಕೆಲವೇ ಸೆಕೆಂಡುಗಳಲ್ಲಿ ಹಿಂದೆ ಸರಿದುಹೋಗುವುದು ಕಾಣಿಸಿತು. 2012ರಲ್ಲಿ ಬಂದ 'ಚೇಸಿಂಗ್ ಐಸ್' ಚಿತ್ರದ ಜೀವಾಳವೇ ಅದು.

ಅದೇ ಚಿತ್ರದಲ್ಲಿ, 2008ರಲ್ಲಿ ಗ್ರೀನ್‌ಲ್ಯಾಂಡ್‌ನ ಇಲುಲಿಸ್ಸಾಟ್ ಹಿಮನದಿಯ ಅಂಚು ಸುಮಾರು 75 ನಿಮಿಷಗಳ ಕಾಲ ಮುರಿದು ಬೀಳುತ್ತಲೇ ಹೋದ ದೃಶ್ಯವಿದೆ. ಅಳತೆಗೆ ಹೋಲಿಸಿಕೊಳ್ಳಲು ಮರವಾಗಲಿ ಮನೆಯಾಗಲಿ ಇಲ್ಲದ ಆ ಜಾಗದಲ್ಲಿ ಮುರಿದ ಮಂಜಿನ ಗಾತ್ರ ಅಂದಾಜಿಗೆ ಸಿಗುವಂಥದ್ದಲ್ಲ. ನ್ಯೂಯಾರ್ಕಿನ ಮ್ಯಾನ್‌ಹಟನ್ ಕಟ್ಟಡಗಳ ಚಿತ್ರವನ್ನು ಅದರ ಮೇಲಿಟ್ಟು ತೋರಿಸಿದಾಗಲೇ ನೋಡುವವರಿಗೆ ಉಸಿರು ಕಟ್ಟುತ್ತದೆ. ನಿಮ್ಮ ಸರೋವರದಲ್ಲಿ ಅಂಥ ಅಳತೆಗೋಲು ಆಗಲೇ ಇದೆ, ದೋಣಿ ಕಟ್ಟುತ್ತಿದ್ದ ಆ ಕಂಬಗಳು. ಕಂಬದ ಬುಡದಿಂದ ಈಗಿನ ನೀರಿನ ಅಂಚಿನವರೆಗೆ ಒಬ್ಬರು ನಡೆದುಹೋಗುವುದನ್ನು ಎಲ್ಲಿಯೂ ಕತ್ತರಿಸದೆ ಪೂರ್ತಿಯಾಗಿ ತೋರಿಸಿ. ಅದನ್ನು ಮೀಟರುಗಳಲ್ಲಿ ಹೇಳಿಸುವ ನಿರೂಪಣೆಯ ಅಗತ್ಯವೇ ಬಾರದಿರಬಹುದು.

ನಿರೂಪಣೆ ನಿಜವಾಗಿ ಬೇಕಾಗುವುದು ಕಾರಣವನ್ನು ಹೇಳುವಾಗ. ನೀರು ಇಳಿದಿರುವುದು ದೃಶ್ಯದಲ್ಲಿ ಕಾಣುತ್ತದೆ, ಏಕೆ ಇಳಿಯಿತು ಎಂಬುದು ಕಾಣುವುದಿಲ್ಲ. ಮಳೆ ಕೈಕೊಟ್ಟ ಒಂದು ವರ್ಷದಲ್ಲಿಯೂ ದಡ ಹೀಗೆಯೇ ಕಾಣಬಹುದು. ಲ್ಯಾಂಡ್‌ಸ್ಯಾಟ್ ಸರಣಿಯ ಉಪಗ್ರಹಗಳು 1972ರಿಂದ ಭೂಮಿಯ ಚಿತ್ರಗಳನ್ನು ತೆಗೆಯುತ್ತಿವೆ, ಅವು 2008ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿವೆ. ಅವುಗಳನ್ನು ಬಳಸುವಾಗ ಪ್ರತಿ ವರ್ಷದ ಒಂದೇ ತಿಂಗಳ ಚಿತ್ರವನ್ನು ಆರಿಸಿಕೊಳ್ಳಿ. ಮಳೆಗಾಲದ ಕೊನೆಯ ಹಳೆಯ ಚಿತ್ರದ ಪಕ್ಕದಲ್ಲಿ ಬೇಸಿಗೆಯ ಹೊಸ ಚಿತ್ರವನ್ನು ಇಟ್ಟರೆ ಅದು ಸುಳ್ಳಾಗುತ್ತದೆ, ಅದನ್ನು ಗುರುತಿಸಿದ ಒಬ್ಬ ನೋಡುಗ ಇಡೀ ಚಿತ್ರವನ್ನೇ ನಂಬದೆ ಹೋಗಬಹುದು. 1960ರ ದಶಕದಿಂದ ಆರಲ್ ಸಮುದ್ರ ಬತ್ತಿದ ಕತೆಯನ್ನು ಹೇಳುವವರು ಮರಳಲ್ಲಿ ನಿಂತ ಹಡಗುಗಳನ್ನೇ ಹೆಚ್ಚಾಗಿ ತೋರಿಸುತ್ತಾರೆ. ಆಮು ದರಿಯಾ ಮತ್ತು ಸಿರ್ ದರಿಯಾ ನದಿಗಳ ನೀರನ್ನು ಹತ್ತಿ ಬೆಳೆಗೆ ಒಯ್ದ ಕಾಲುವೆಗಳನ್ನು ತೋರಿಸುವವರು ಕಡಿಮೆ. ನಿಮ್ಮ ಚಿತ್ರದಲ್ಲಿಯೂ ಮೇಲ್ಭಾಗದ ಕಾಲುವೆಗೆ, ಆ ನೀರಿನಿಂದ ಬದುಕುತ್ತಿರುವ ರೈತರಿಗೆ ಸ್ಥಳವಿರಲಿ. ಅವರನ್ನು ಖಳರಾಗಿ ನಿಲ್ಲಿಸಬೇಡಿ.

ಉತ್ತರ 2

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಧ್ವನಿಯ ಬಗ್ಗೆ ಒಂದು ಮಾತನ್ನು ಸೇರಿಸಬೇಕು. ಧ್ವನಿಗ್ರಾಹಕ ಬರ್ನಿ ಕ್ರೌಸ್ ಅವರು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬೆಟ್ಟಗಳಲ್ಲಿರುವ ಲಿಂಕನ್ ಮೆಡೊ ಎಂಬ ಹುಲ್ಲುಗಾವಲಿನ ಬೆಳಗಿನ ಸದ್ದನ್ನು 1988ರಲ್ಲಿ ದಾಖಲಿಸಿಕೊಂಡಿದ್ದರು. ಅಲ್ಲಲ್ಲಿ ಆಯ್ದ ಮರಗಳನ್ನಷ್ಟೇ ಕಡಿಯುವುದರಿಂದ ಪರಿಸರಕ್ಕೆ ಧಕ್ಕೆಯಿಲ್ಲ ಎಂಬ ಭರವಸೆಯೊಂದಿಗೆ ಅಲ್ಲಿ ಕಡಿತ ನಡೆಯಿತು. ಮರುವರ್ಷ ಅದೇ ಋತುವಿನಲ್ಲಿ ಅವರು ಹೋದಾಗ ಜಾಗ ನೋಡಲು ಮೊದಲಿನಂತೆಯೇ ಇತ್ತು, ಆದರೆ ಮೊದಲಿನ ಹಕ್ಕಿಗಳ ದಟ್ಟ ಕಲರವ ಧ್ವನಿಮುದ್ರಣದಲ್ಲಿ ಬಹುಮಟ್ಟಿಗೆ ಇಲ್ಲವಾಗಿತ್ತು. ಕ್ಯಾಮೆರಾ ಸಾಕ್ಷಿ ಹೇಳಲಾರದ ಕಡೆ ಮೈಕ್ ಹೇಳಿತು. ನೀವು ಎರಡು ವರ್ಷಗಳಲ್ಲಿ ಹಿಡಿದಿಟ್ಟ ಮೂಲ ಧ್ವನಿಯನ್ನು ದಯವಿಟ್ಟು ಒಮ್ಮೆ ಕಣ್ಣುಮುಚ್ಚಿ ಕೇಳಿ. ಅದರ ಮೇಲೆ ಸಂಗೀತವನ್ನು ಹೊದಿಸುವ ಮೊದಲು ಅಲ್ಲಿ ಏನಿದೆ, ಏನಿಲ್ಲ ಎಂಬುದು ನಿಮಗಾದರೂ ತಿಳಿದಿರಬೇಕು.

ನೆನಪಿನ ವಿಷಯಕ್ಕೆ ಬಂದರೆ, ಹಳೆಯ ಫೋಟೋಗಳಿಗಿಂತ ಗಟ್ಟಿಯಾದ ಆಧಾರ ನಿಮಗೆ ಸಿಗಲಾರದು. ಫ್ಲಾರಿಡಾದ ಕೀ ವೆಸ್ಟ್‌ನಲ್ಲಿ ಮೀನು ಹಿಡಿಯುವ ಹವ್ಯಾಸಿಗಳು ತಾವು ಹಿಡಿದ ಮೀನುಗಳ ಜೊತೆ ತೆಗೆಸಿಕೊಂಡ ಫೋಟೋಗಳನ್ನು ಲೊರೆನ್ ಮೆಕ್ಲೆನಾಕನ್ ಎಂಬ ಸಂಶೋಧಕಿ ಅಳೆದು ನೋಡಿದರು. 1956ರಿಂದ 2007ರ ನಡುವೆ ಆ ಮೀನುಗಳ ಸರಾಸರಿ ತೂಕ ಸುಮಾರು 20 ಕಿಲೋದಿಂದ 2.3 ಕಿಲೋಗೆ ಇಳಿದಿತ್ತು. ಫೋಟೋಗಳಲ್ಲಿ ನಿಂತವರ ನಗು ಮಾತ್ರ ಅಷ್ಟೇ ಅಗಲವಾಗಿತ್ತು, ಏಕೆಂದರೆ ಪ್ರತಿಯೊಂದು ತಲೆಮಾರೂ ತಾನು ಕಂಡದ್ದನ್ನೇ ಸಹಜಸ್ಥಿತಿ ಎಂದು ತಿಳಿಯುತ್ತದೆ. ನಿಮ್ಮ ಹಿರಿಯ ಮೀನುಗಾರರ ಮನೆಯಲ್ಲಿ ಹಳೆಯ ಫೋಟೋಗಳಿವೆಯೇ ಎಂದು ಕೇಳಿದ್ದೀರಾ?

ಉತ್ತರ 3

ಬಲೆ ಬೀಸಿಸುವುದರ ಬಗ್ಗೆ. ಅವರು ಬಯಸಿ ಮಾಡಿದರೆ, ಅದು ಹಳೆಯ ಕೆಲಸವನ್ನು ಮತ್ತೆ ಮಾಡಿ ತೋರಿಸುತ್ತಿರುವುದೆಂದು ನೋಡುವವರಿಗೆ ತಿಳಿದರೆ, ಅದರಲ್ಲಿ ತಪ್ಪಿಲ್ಲ. "ಬಲೆ ಹಿಡಿದು ಎಷ್ಟು ವರ್ಷವಾಯಿತು?" ಎಂಬ ನಿಮ್ಮ ಪ್ರಶ್ನೆಯೂ ಅವರ ಉತ್ತರವೂ ಆ ದೃಶ್ಯದಲ್ಲಿಯೇ ಕೇಳಿಸಲಿ. ದಿನನಿತ್ಯದ ಬದುಕು ಎಂಬಂತೆ ತೋರಿಸಿದರೆ ಮಾತ್ರ ಅದು ಮೋಸ. 1958ರ 'ವೈಟ್ ವೈಲ್ಡರ್‌ನೆಸ್' ಚಿತ್ರಕ್ಕಾಗಿ ಲೆಮಿಂಗ್ ಎಂಬ ಪುಟ್ಟ ಪ್ರಾಣಿಗಳನ್ನು ಬೇರೆಡೆಯಿಂದ ತರಿಸಿ, ಅವು ಸಾಮೂಹಿಕವಾಗಿ ನೀರಿಗೆ ಹಾರುತ್ತವೆ ಎಂಬ ದೃಶ್ಯವನ್ನು ಹೂಡಿ ಚಿತ್ರೀಕರಿಸಲಾಗಿತ್ತು. ಅದು ಬಯಲಾಗಿ ದಶಕಗಳೇ ಕಳೆದರೂ ಆ ಸುಳ್ಳನ್ನು ಜನ ಇಂದಿಗೂ ನಂಬುತ್ತಾರೆ.

ಡ್ರೋನ್ ಬಳಸುವ ಯೋಚನೆಯಿದ್ದರೆ ಹಕ್ಕಿಗಳು ಗೂಡುಕಟ್ಟುವ ತಿಂಗಳುಗಳನ್ನು ಬಿಟ್ಟುಬಿಡಿ. 2021ರಲ್ಲಿ ಕ್ಯಾಲಿಫೋರ್ನಿಯಾದ ಬೋಲ್ಸಾ ಚಿಕಾ ರಕ್ಷಿತ ಪ್ರದೇಶದಲ್ಲಿ ಒಂದು ಡ್ರೋನ್ ಬಿದ್ದದ್ದಕ್ಕೆ ಬೆದರಿದ ರೀವ ಹಕ್ಕಿಗಳು ಸಾವಿರಕ್ಕೂ ಹೆಚ್ಚು ಮೊಟ್ಟೆಗಳನ್ನು ತೊರೆದು ಹಾರಿಹೋದವು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಆ ಹಿರಿಯರ ಮನೆಗೆ ಹೋಗಿ ಕೇಳಿದೆ. ಅವರ ಮದುವೆಯ ಫೋಟೋ ಒಂದನ್ನು ಸರೋವರದ ದಡದಲ್ಲಿಯೇ ತೆಗೆದಿದ್ದಾರೆ. ಹಿಂದೆ ಅದೇ ಕಂಬಗಳು, ಅವುಗಳ ಅರ್ಧಕ್ಕೆ ನೀರು, ಆಚೆ ಬೆಟ್ಟದ ಸಾಲು. ಅವರನ್ನೂ ಅವರ ಪತ್ನಿಯನ್ನೂ ಅದೇ ಜಾಗದಲ್ಲಿ ನಿಲ್ಲಿಸಿ ಚಿತ್ರೀಕರಿಸಬೇಕೆಂದಿದ್ದೇನೆ, ಇಬ್ಬರೂ ಸಂತೋಷದಿಂದ ಒಪ್ಪಿದ್ದಾರೆ. ಫೋಟೋ ತೆಗೆದವರು ನಿಂತಿದ್ದ ನಿಖರವಾದ ಸ್ಥಳವನ್ನು ಕಂಡುಹಿಡಿಯುವುದು ಹೇಗೆ?

ಉತ್ತರ 1

ಹತ್ತಿರದ ಒಂದು ವಸ್ತುವನ್ನೂ ದೂರದ ಒಂದು ವಸ್ತುವನ್ನೂ ಆರಿಸಿಕೊಳ್ಳಿ. ನಿಮಗೆ ಕಂಬದ ತುದಿ ಮತ್ತು ಬೆಟ್ಟದ ಒಂದು ಶಿಖರ ಸಾಕು. ಫೋಟೋದಲ್ಲಿ ಕಂಬವು ಶಿಖರದ ಎಡಕ್ಕಿದೆಯೋ ಬಲಕ್ಕಿದೆಯೋ ನೋಡಿ, ಆ ಅಂತರ ಹೊಂದುವವರೆಗೆ ಪಕ್ಕಕ್ಕೆ ಸರಿಯಿರಿ. ಆಮೇಲೆ ಎರಡು ಕಂಬಗಳ ನಡುವಿನ ಅಂತರವನ್ನು ಹಿಂದಿನ ಬೆಟ್ಟದ ಅಗಲದೊಂದಿಗೆ ಹೋಲಿಸುತ್ತ ಹಿಂದೆ ಮುಂದೆ ಸರಿಯಿರಿ. ಕಂಬದ ತುದಿ ಬೆಟ್ಟದ ಯಾವ ಎತ್ತರಕ್ಕೆ ತಾಗುತ್ತದೆ ಎಂಬುದರಿಂದ ಟ್ರೈಪಾಡಿನ ಎತ್ತರ ತಿಳಿಯುತ್ತದೆ. ಲೆನ್ಸನ್ನು ಕೊನೆಯಲ್ಲಿ ಹೊಂದಿಸಿಕೊಳ್ಳಿ. ಫೋಟೋದಲ್ಲಿ ನೆರಳು ಯಾವ ಕಡೆಗೆ ಬಿದ್ದಿದೆಯೋ ನೋಡಿಕೊಂಡು ಅದೇ ಹೊತ್ತಿಗೆ ಹೋಗಿ, ಮದುವೆ ಯಾವ ತಿಂಗಳಿನಲ್ಲಿ ನಡೆಯಿತೆಂದು ಅವರನ್ನು ಕೇಳಿಕೊಂಡು ಆ ತಿಂಗಳಿನವರೆಗೆ ಕಾಯಿರಿ.