ಪದಚರ್ಚೆ: ಬಾತು ಬೇಟೆಯ ‘ಬೈಟ್’ಗೆ ಕನ್ನಡದಲ್ಲಿ ಏನನ್ನೋಣ?

ಸ್ಯಾಕ್ರಮೆಂಟೊದಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಸ್ವಲ್ಪ ಅರ್ಜೆಂಟು. ಶುಕ್ರವಾರ ಅಚ್ಚಿಗೆ ಕೊಡಬೇಕು.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಕನ್ನಡ ಬಳಗದ ಕೆಲವರು ಈ ಸಲ ಬಾತು ಬೇಟೆಗೆ ಲೈಸೆನ್ಸ್ ಮಾಡಿಸಿದ್ದಾರೆ. ಅವರಿಗೋಸ್ಕರ ಇಲ್ಲಿನ ನಿಯಮಗಳನ್ನು ಎರಡು ಪುಟದಲ್ಲಿ ಕನ್ನಡಕ್ಕೆ ತರುತ್ತಿದ್ದೇನೆ. ದಿನಕ್ಕೆ ಎಷ್ಟು ಹಕ್ಕಿ, ಸೀಸದ ಗುಂಡು ಯಾಕೆ ಬೇಡ, ಇದೆಲ್ಲ ಬರೆದಾಯಿತು. ‘ಬೈಟಿಂಗ್’ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ವಿಷಯ ಇಷ್ಟು. ಕಾಳು ಹಾಕಿ ಬಾತುಗಳನ್ನು ಕರೆದು ಹೊಡೆಯುವುದಕ್ಕೆ ಅಮೆರಿಕದಲ್ಲಿ 1935ರಿಂದ ನಿಷೇಧ ಇದೆ. ಕಾಳಷ್ಟೇ ಅಲ್ಲ, ಉಪ್ಪೂ ಆಗದು, ಬೇರೆ ಯಾವ ತಿನಿಸೂ ಆಗದು. ಹಾಕಿದ್ದನ್ನೆಲ್ಲ ಪೂರ್ತಿ ಬಳಿದು ತೆಗೆದ ಮೇಲೂ ಹತ್ತು ದಿನ ಆ ಜಾಗ ‘ಬೈಟ್’ ಇರುವ ಜಾಗವೇ. ಆದರೆ ಕೊಯ್ಲಿನಲ್ಲಿ ಬಿದ್ದ ಭತ್ತಕ್ಕೆ ಬಾತು ಇಳಿದರೆ ಅಡ್ಡಿಯಿಲ್ಲ. ಸ್ಯಾಕ್ರಮೆಂಟೊ ಕಣಿವೆಯಲ್ಲಿ ಇದು ಸಣ್ಣ ಮಾತಲ್ಲ. ಮೊದಲು ಇಲ್ಲಿನ ರೈತರು ಕೊಯ್ಲಾದ ಮೇಲೆ ಹುಲ್ಲಿಗೆ ಬೆಂಕಿ ಇಡುತ್ತಿದ್ದರು. 1991ರ ಕಾನೂನಿನಿಂದ ಅದು ಕಡಿಮೆಯಾಗುತ್ತಾ ಬಂತು. ಈಗ ಕೂಳೆ ಕೊಳೆಯಲಿ ಅಂತ ಗದ್ದೆಗೆ ನೀರು ನಿಲ್ಲಿಸುತ್ತಾರೆ. ಚಳಿಗಾಲದಲ್ಲಿ ಸೂಜಿಬಾಲದ ಬಾತುಗಳು ಸಾವಿರಗಟ್ಟಲೆ ಬಂದು ಅಲ್ಲಿ ಉಳಿದ ಕಾಳು ಹೆಕ್ಕುತ್ತವೆ.

ಹೋದ ವರ್ಷ ಸಹೋದ್ಯೋಗಿಯೊಬ್ಬರ ಜೊತೆ ಅಂಥ ಗದ್ದೆಗೆ ಹೋಗಿದ್ದೆ. ಇನ್ನೂ ಕತ್ತಲು. ಅವರು ಟಾರ್ಚ್ ಹಿಡಿದು ಬದುವಿನ ಉದ್ದಕ್ಕೂ ನಡೆದರು. ಬೇಟೆಗಾರರು ಅಡಗಿ ಕೂರುವ ಮರೆಗುಂಡಿಯ ಮುಂದೆ ಕೂತು, ಕೈಗವಸು ತೆಗೆದು, ಕೊರೆಯುವ ನೀರಿಗೆ ಮೊಣಕೈವರೆಗೆ ಕೈ ಇಳಿಸಿ ಒಂದು ಹಿಡಿ ಕೆಸರು ಎತ್ತಿದರು. ಬೆರಳಲ್ಲಿ ಹಿಸುಕಿ ಹಿಸುಕಿ ನೋಡಿದರು. ನಾಲ್ಕೈದು ಭತ್ತ ಸಿಕ್ಕವು, ನೆನೆದು ಉಬ್ಬಿದ್ದವು. “ಇವು ಗದ್ದೆಯವೇ. ಒಂದು ಮೆಕ್ಕೆಜೋಳದ ಕಾಳು ಸಿಕ್ಕಿದ್ದರೂ ವಾಪಸ್ ಹೊರಡುತ್ತಿದ್ದೆವು” ಅಂದರು. 1998ರ ತಿದ್ದುಪಡಿ ಬಂದ ಮೇಲೆ, ನಿಮಗೆ ಗೊತ್ತಿತ್ತೇ ಅಥವಾ ಗೊತ್ತಿರಬೇಕಾಗಿತ್ತೇ ಅನ್ನುವುದನ್ನು ಕೋರ್ಟು ನೋಡುತ್ತದೆ. ಸುಮ್ನೆ ‘ಗೊತ್ತಿರಲಿಲ್ಲ’ ಅಂದರೆ ಸಾಲದು.

ಅಂದರೆ ಕಾಳು ಒಂದೇ. ಅದು ಅಲ್ಲಿಗೆ ಹೇಗೆ ಬಂತು ಅನ್ನುವುದರ ಮೇಲೆ ತಪ್ಪು ಒಪ್ಪು ನಿಂತಿದೆ. ನನ್ನ ಕರಡಿನಲ್ಲಿ ಸದ್ಯಕ್ಕೆ ‘ಆಮಿಷ ಒಡ್ಡಿದ ಪ್ರದೇಶ’ ಅಂತಿದೆ, ಒಂಚೂರೂ ಹಿಡಿಸಿಲ್ಲ. ಹಕ್ಕಿಗಳನ್ನು ಸೆಳೆಯಲು ಇಡುವ ಸಾಕಿದ ಬಾತು ಅಥವಾ ಬಾತಿನ ಗೊಂಬೆ, ಅಂದರೆ ‘ಡಿಕಾಯ್’ಗೂ ಒಂದು ಪದ ಇದ್ದರೆ ಕೊಡಿ.

ಮೈಸೂರಿನಿಂದ:

ಎರೆ. ಇದಕ್ಕೆ ಚರ್ಚೆ ಯಾಕೆ? ಗಾಳಕ್ಕೆ ಸಿಕ್ಕಿಸುವುದೂ ಎರೆ, ಹಕ್ಕಿಗೆ ಹಾಕುವುದೂ ಎರೆ. ತಮಿಳಿನ ಇರೈ ಇದೇ. ಆಮಿಷ ಅಂದರೆ ಮೂಲದಲ್ಲಿ ಮಾಂಸ. ಕಾಳುಬೇಳೆಯ ಊಟವನ್ನು ನಿರಾಮಿಷ ಅಂದವರು ಭತ್ತದ ಕಾಳನ್ನೇ ಆಮಿಷ ಅನ್ನುವುದು ಹೇಗೆ? ‘ಎರಚು’ ಕೂಡ ಎರೆಯಿಂದಲೇ ಹುಟ್ಟಿದ್ದು. ‘ಎರೆ ಹಾಕಿದ ಹೊಲ’ ಅಂತ ಬರೆಯಿರಿ. ಮುಗೀತು.

ಗದಗದಿಂದ:

ಮುಗಿಯಲಿಲ್ಲ. ನಮ್ಮ ಕಡೆ ‘ಎರಿ’ ಅಂದರೆ ಕಪ್ಪು ಮಣ್ಣು. ‘ಎರೆ ಹಾಕಿದ ಹೊಲ’ ಅಂತ ಓದಿದರೆ ಕೆರೆಯಿಂದ ಕಪ್ಪು ಮಣ್ಣು ಹೇರಿ ಹೊಲಕ್ಕೆ ಹಾಕಿಸಿದ್ದಾರೆ ಅಂತಲೇ ತಿಳಿಯುತ್ತೇವೆ. ಅಪರಾಧ ಅಲ್ಲ, ಒಳ್ಳೆಯ ಒಕ್ಕಲುತನ ಅದು.

‘ಎರಚು’ ಎರೆಯಿಂದ ಹುಟ್ಟಿದ್ದೂ ಅಲ್ಲ. ಎರಚುವುದರಲ್ಲಿ ಇರುವುದು ಹಳೆಯ ಱ. ತಿನಿಸಿನ ಎರೆಯಲ್ಲಿ ಮಾಮೂಲಿ ರ. ತಮಿಳಿನವರು ಇಂದಿಗೂ ಬೇರೆ ಮಾಡಿ ಬರೆಯುತ್ತಾರೆ: ಹಕ್ಕಿಯ ತಿನಿಸು ಇರೈ, ನೀರು ಎರಚುವುದು ಇಱೈ. ನಮ್ಮ ಬಾಯಲ್ಲಿ ಎರಡೂ ಒಂದೇ ಆದವು ಅಂತ ನೆಂಟಸ್ತಿಕೆ ಕಟ್ಟಬೇಡಿ.

ಕೇಳಿದವರಿಗೆ ಒಂದು ಮಾತು. ನೀವು ನಾಮಪದ ಹುಡುಕುತ್ತಿದ್ದೀರಿ, ಕ್ರಿಯಾಪದ ನೋಡಿ. ಚಳಿಗಾಲದಲ್ಲಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಸುತ್ತಲಿನ ಹೊಲಗಳಿಗೆ ಮೇಯಲು ಇಳಿಯುತ್ತವೆ. ಅವು ತಿನ್ನುವ ಕಾಳನ್ನು ‘ಉದುರಿದ ಕಾಳು’ ಅನ್ನುತ್ತೇವೆ. ‘ಉದುರಿಸಿದ ಕಾಳು’ ಅಂತ ಯಾರೂ ಅನ್ನುವುದಿಲ್ಲ. ಒಂದು ‘ಇಸು’ ಸೇರಿದರೆ ಅದರ ಹಿಂದೆ ಒಬ್ಬ ಮನುಷ್ಯನ ಕೈ ಬಂತು. ನಿಮ್ಮ ಕಾನೂನು ಕೇಳುವುದೂ ಅದನ್ನೇ ಅಲ್ವಾ?

ಡಿಕಾಯ್‌ಗೆ ‘ದೀಮ’. ಕಾಡಿನದನ್ನು ಕರೆಯಲು ಕಟ್ಟುವ ಸಾಕಿದ ಹಕ್ಕಿ ಅಥವಾ ಮಿಗ. ತೆಲುಗಿನಲ್ಲಿ ದೀಮಮು. ಇಷ್ಟು ಒಳ್ಳೆಯ ಪದವನ್ನು ಮೂಲೆಗೆ ಎಸೆದಿದ್ದೇವೆ.

ಬೆಂಗಳೂರಿನಿಂದ:

‘ಬೈಟ್’ ಅಂತಲೇ ಬರೆಯಿರಿ. ಗದ್ದೆಯ ಬದುವಿನ ಮೇಲೆ ಬೇಟೆಯ ನಿಯಮ ನೋಡಿಕೊಳ್ಳುವ ವಾರ್ಡನ್ ಬಂದು ನಿಂತಾಗ ಅವನು ಹೇಳುವುದು ಬೈಟ್, ಎರೆ ಅಲ್ಲ. ನಿಮ್ಮ ಓದುಗರ ಕಿವಿಗೆ ಬೀಳಬೇಕಾದ ಪದ ಅದೇ. ಬೇಟೆಯ ಮಾತಿನಲ್ಲಿ ಎಷ್ಟು ನಮ್ಮದು? ಶಿಕಾರಿ ಪಾರಸಿಯಿಂದ ಬಂತು. ಬಂದೂಕೂ ಹೊರಗಿನಿಂದ ಬಂತು. ಇವನ್ನೆಲ್ಲ ಅರಗಿಸಿಕೊಂಡ ನುಡಿಗೆ ಬೈಟ್ ಒಂದು ಭಾರವೇ?

ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನೂ ನೋಡಿ. ಅದರ ಸೆಕ್ಷನ್ 2(16)ರಲ್ಲಿ ‘ಬೇಟೆ’ ಅನ್ನುವ ಪದದ ಅರ್ಥದೊಳಗೇ ಬೈಟಿಂಗ್ ಸೇರಿದೆ. ಕೊಲ್ಲುವುದು, ಉರುಳು ಹಾಕುವುದು, ಸೋವುವುದು, ಎಲ್ಲದರ ಸಾಲಿನಲ್ಲಿ ಅದೂ ಒಂದು. ಇಲ್ಲಿ ಹತ್ತು ದಿನದ ಲೆಕ್ಕವೂ ಇಲ್ಲ, ಉದುರಿದ್ದೋ ಉದುರಿಸಿದ್ದೋ ಅನ್ನುವ ತಕರಾರೂ ಇಲ್ಲ. ಅವರ ಕಾನೂನು ಬೇರೆ, ಅವರ ಪದ ಅವರದ್ದೇ ಇರಲಿ.

ಮೈಸೂರಿನಿಂದ:

ಒಪ್ಪುವುದಿಲ್ಲ. ಬಂದೂಕು ಬಂದಾಗ ವಸ್ತುವೇ ಹೊಸದು. ಹಕ್ಕಿಗೆ ಕಾಳು ಹಾಕಿ ಹಿಡಿಯುವುದು ಹೊಸದೇ? ಕೆಲಸವೂ ನಮ್ಮಲ್ಲಿದೆ, ಪದವೂ ಇದೆ, ಮತ್ತೆ ಸಾಲ ಯಾಕೆ? ಬಂದೂಕಿಗೂ ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೋವಿ ಅನ್ನುತ್ತಾರೆ, ಹೊಡೆತಕ್ಕೆ ಈಡು ಅನ್ನುತ್ತಾರೆ. ಡಿಕಾಯ್ ಇಂಗ್ಲಿಷರ ಸ್ವಂತದ್ದು ಅಂದುಕೊಂಡಿರಾ? ಡಚ್ಚರು ಬಾತು ಹಿಡಿಯಲು ಮಾಡುತ್ತಿದ್ದ ಪಂಜರ, ಕೋಯಿ, ಅದರಿಂದ ಬಂದದ್ದು. ಅವರು ತಮ್ಮ ಬಾಯಿಗೆ ತಕ್ಕಂತೆ ಮಾಡಿಕೊಂಡರು. ನಾವು ಇದ್ದದ್ದನ್ನೂ ಬಿಟ್ಟುಕೊಡುತ್ತೇವೆ.

ಱ ವಿಷಯದಲ್ಲಿ ಗದಗದವರ ಮಾತು ಸರಿ. ಎರಚು ಬೇರೆ. ಎರೆಯನ್ನು ಮಾತ್ರ ಬಿಡುವುದಿಲ್ಲ.

ಬೆಂಗಳೂರಿನಿಂದ:

ಲೈಸೆನ್ಸಿಗೆ ಏನಂತೀರಿ? ಪರವಾನಗಿಯೇ? ಅದೂ ಪಾರಸಿ. ನನ್ನ ಕಡೆಯಿಂದ ಇಷ್ಟೇ.

ಸ್ಯಾಕ್ರಮೆಂಟೊದಿಂದ:

ಎಲ್ಲರಿಗೂ ಥ್ಯಾಂಕ್ಸ್. ಸಾಲದ ಜಗಳವನ್ನು ನೀವು ಮುಂದುವರಿಸಿ, ನನಗೆ ಶುಕ್ರವಾರ ಹತ್ತಿರ ಬಂತು.

ಗದಗದವರ ‘ಇಸು’ ತುಂಬಾ ದೂರ ಕರೆದುಕೊಂಡು ಹೋಯಿತು. ನಿಂತ ಬೆಳೆಗೆ ನೀರು ಬಿಟ್ಟು ಬೇಟೆಯಾಡಿದರೆ ತಪ್ಪಿಲ್ಲ. ಅದೇ ಬೆಳೆಯನ್ನು ಕೊಯ್ಯದೆ ಸುಮ್ನೆ ಸವರಿ ಕಾಳು ಉದುರಿಸಿದರೆ ತಪ್ಪು. ಇಲ್ಲಿ ಉದುರು, ಉದುರಿಸು ಎರಡೂ ಸರಿಯಾಗಿ ಕೂರುತ್ತವೆ. ಒಂದೇ ತೊಡಕು: ಬಿತ್ತುವುದೂ ಮನುಷ್ಯನ ಕೈಯೇ. ಮಾಮೂಲಿ ಬಿತ್ತನೆಯ ಕಾಳಿಗೆ ಬಾತು ಬಂದರೆ ಇಲ್ಲಿ ತಪ್ಪಲ್ಲ. ಹಾಗಾಗಿ ‘ಬಿತ್ತು’ ಅನ್ನುವುದನ್ನೂ ಹೆಸರಿಟ್ಟು ಹೇಳಲೇಬೇಕು.

‘ಎರೆ’ ಇಟ್ಟುಕೊಳ್ಳುತ್ತೇನೆ, ಆದರೆ ‘ಹಾಕಿದ’ ಬೇಡ. ಕಾಳು ಹಾಕಿದವನು ಪಕ್ಕದ ಗದ್ದೆಯವನಾಗಿರಬಹುದು. ಹಕ್ಕಿಗಳು ಆ ಕಾಳಿಗೆ ಹೋಗುವ ದಾರಿಯಲ್ಲಿ ನೀವು ಕೂತು ಹೊಡೆದರೂ ಸಿಕ್ಕಿಬೀಳುತ್ತೀರಿ. ಇಷ್ಟು ದೂರ ಇದ್ದರೆ ಸಾಕು ಅಂತ ಕಾನೂನಿನಲ್ಲಿ ಗೆರೆ ಹಾಕಿಲ್ಲ. ಅದಕ್ಕೇ ‘ಎರೆ ಬಿದ್ದ ಜಾಗ’. ಕಪ್ಪು ಮಣ್ಣು ‘ಬೀಳುವುದಿಲ್ಲ’, ಗದಗದವರಿಗೂ ಗೊಂದಲ ಆಗಲಿಕ್ಕಿಲ್ಲ. ಬೈಟ್ ಅನ್ನುವುದನ್ನು ಒಂದೇ ಸಲ, ಮೊದಲ ಸಾಲಿನಲ್ಲಿ ಹೇಳಿಬಿಡುತ್ತೇನೆ. ವಾರ್ಡನ್ ಮುಂದೆ ನಿಂತಾಗ ಅದು ಗೊತ್ತಿರಬೇಕು, ಆ ಮಾತು ನಿಜ.

ಈಗ ಹೀಗಿದೆ:

“ಬಾತುಗಳನ್ನು ಕರೆಯುವಂತೆ ಎರಚಿದ, ಸುರಿದ, ಉದುರಿಸಿದ ಕಾಳು, ಉಪ್ಪು ಅಥವಾ ಬೇರೆ ತಿನಿಸು ಎರೆ. ಇಲ್ಲಿ ಇದನ್ನು ಬೈಟ್ ಅನ್ನುತ್ತಾರೆ. ಮಾಮೂಲಿ ಬೇಸಾಯದಲ್ಲಿ ಬಿತ್ತಿದ್ದು, ಕೊಯ್ಲಿನಲ್ಲಿ ಉದುರಿದ್ದು ಎರೆಯಲ್ಲ. ಎರೆಯನ್ನು ಪೂರ್ತಿ ತೆಗೆದ ಮೇಲೂ ಹತ್ತು ದಿನ ಅದು ಎರೆ ಬಿದ್ದ ಜಾಗವೇ. ಎರೆ ಯಾರದ್ದೇ ಆಗಿರಲಿ, ಅಲ್ಲಿ ಈಡು ಹೊಡೆಯಬೇಡಿ. ಜೀವಂತ ದೀಮ ಇಟ್ಟು ಬೇಟೆಯಾಡುವುದಕ್ಕೂ 1935ರಿಂದ ನಿಷೇಧವಿದೆ. ಮರದ, ಪ್ಲಾಸ್ಟಿಕ್‌ನ ದೀಮ ಇಡಬಹುದು.”

‘ಸುರಿದ’ ಬೇಕೋ ಬೇಡವೋ, ‘ಎರಚಿದ’ ಒಂದೇ ಸಾಕೋ? ನಾಳೆ ರಾತ್ರಿಯೊಳಗೆ ಹೇಳಿ.