ಪದಚರ್ಚೆ: ಸೈಕಲ್ ಚೈನು ಹಿಗ್ಗುತ್ತದೋ, ಸವೆಯುತ್ತದೋ?

ಎಲ್ಲರಿಗೂ ಶರಣು.

ಗಂಗಾವತಿ, ಆನೆಗೊಂದಿ, ಸಾಣಾಪುರದ ಕಡೆ ಬೆಟ್ಟದ ಸೈಕಲ್ ಓಡಿಸುವ ಹುಡುಗರಿಗೆ ‘ಚಳಿಗಾಲದಲ್ಲಿ ಸೈಕಲ್ ಜೋಪಾನ’ ಎಂಬ ಎರಡು ಪುಟದ ಕೈಪಿಡಿ ಸಿದ್ಧವಾಗುತ್ತಿದೆ. ಮೂರು ಕಡೆ ಪದ ಕೈಕೊಡುತ್ತಿದೆ.

ಒಂದು, ಚೈನಿನ ಮಾತು. ಕೊಪ್ಪಳದ ಕಡೆ ‘ಚೈನ್ ಹಿಗ್ಗೈತಿ’, ರಾಯಚೂರಿನ ಕಡೆ ‘ಲೂಜ್ ಆಗ್ಯಾದ’ ಅನ್ನುತ್ತಾರೆ. ಬರಹದಲ್ಲಿ ‘ಹಿಗ್ಗು’ ಸರಿಯೇ, ‘ಸವೆ’ ಸರಿಯೇ, ‘ತೇಯ್’ ಸರಿಯೇ? ಎರಡು, ‘ಕೆಸರು’ ಎಂಬ ಒಂದೇ ಪದ ಎಲ್ಲ ಕಡೆ ಸಾಕೇ, ‘ರಾಡಿ’ಯನ್ನೂ ಬಳಸಬೇಕೇ? ಮೂರು, ಕಬ್ಬಿಣಕ್ಕೆ ತುಕ್ಕು ಸರಿ. ಅಲ್ಯೂಮಿನಿಯಂ ಮೇಲೆ ಏಳುವ ಬಿಳಿ ಪುಡಿಗೆ ಏನೆನ್ನಬೇಕು? ಬಲ್ಲವರು ತಿಳಿಸಿರಿ.

* * *

ಶರಣ್ರಿ. ‘ಹಿಗ್ಗು’ ಖಂಡಿತ ಬೇಡ. ರಬ್ಬರು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಚೈನಿನ ಪಟ್ಟಿ ಹಾಗೆ ಎಳೆತಕ್ಕೆ ಉದ್ದವಾಗುವುದಿಲ್ಲ. ಗೆಣ್ಣಿನೊಳಗಿನ ಪಿನ್ನು, ಅದು ತಿರುಗುವ ತೂತು, ಎರಡೂ ತೇದು ನಡುವೆ ಸಂದು ಬೀಳುತ್ತದೆ. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 12.7 ಮಿ.ಮೀ. ಉಕ್ಕಿನ ಸ್ಕೇಲು ಹಿಡಿದು 24 ಗೆಣ್ಣು ಅಳೆದರೆ 304.8 ಮಿ.ಮೀ. ಬರಬೇಕು. 306.3 ಬಂದರೆ ಶೇ. 0.5 ಸವೆದಿದೆ ಎಂದು ಲೆಕ್ಕ. ಹಿಂದಿನ ಗಾಲಿಯಲ್ಲಿ 11, 12 ಗೇರಿರುವ ಸೈಕಲ್ಲಿನ ಚೈನನ್ನು ಆಗಲೇ ಬದಲಿಸಬೇಕು. 8ರಿಂದ 10 ಗೇರಿನದು 307.1ರವರೆಗೆ, ಅಂದರೆ ಶೇ. 0.75ರವರೆಗೆ ತಾಳುತ್ತದೆ. ಶೇ. 0.5 ಅಂದರೆ ಗೆಣ್ಣಿಗೆ ಸರಾಸರಿ 0.06 ಮಿ.ಮೀ. ಅಷ್ಟೇ, ಕಣ್ಣಿಗೆ ಕಾಣುವಂಥದ್ದಲ್ಲ. 116 ಗೆಣ್ಣಿನದು ಒಟ್ಟುಗೂಡಿ 7 ಮಿ.ಮೀ. ದಾಟಿದಾಗ ‘ಉದ್ದ ಆಗೈತಿ’ ಅನ್ನಿಸುತ್ತದೆ.

ಇಷ್ಟು ಹಟ ಹಿಡಿಯಲು ಕಾರಣವಿದೆ. ‘ಹಿಗ್ಗಿದೆ’ ಎಂದು ಓದಿದ ಹುಡುಗ ಒಂದು ಜೋಡಿ ಕೊಂಡಿ ಕಳಚಿ ಚೈನನ್ನು ಗಿಡ್ಡ ಮಾಡಿ ಹಾಕುತ್ತಾನೆ. ಗೆಣ್ಣಿಗೂ ಹಲ್ಲಿಗೂ ತಪ್ಪಿದ ಅಳತೆ ಹಾಗೇ ಉಳಿಯುತ್ತದೆ, ಗೇರುಚಕ್ರದ ಹಲ್ಲುಗಳು ಕುಡುಗೋಲಿನ ಮೊನೆಯ ಹಾಗೆ ಬಾಗಿ ಚೂಪಾಗುತ್ತವೆ. ಆಮೇಲೆ ಹೊಸ ಚೈನು ಹಾಕಿದರೂ ಏರಿನಲ್ಲಿ ಬಲವಾಗಿ ತುಳಿದಾಗ ಹಲ್ಲು ಜಿಗಿಯುತ್ತದೆ. ‘ಸವೆದಿದೆ’ ಎಂದು ಓದಿದರೆ ಚೈನೊಂದನ್ನೇ ಬದಲಿಸಿ ಗೇರುಚಕ್ರ ಉಳಿಸಿಕೊಳ್ಳುತ್ತಾನೆ.

‘ಲೂಜ್’ ತಪ್ಪು ಪದವಲ್ಲ, ಆದರೆ ಅದು ಬೇರೆ ಮಾತು. ಗೇರಿಲ್ಲದ ಸೈಕಲ್ಲಿನಲ್ಲಿ ಚೈನು ಜೋತುಬಿದ್ದರೆ ಹಿಂದಿನ ಗಾಲಿಯ ನಟ್ಟು ಸಡಿಲಿಸಿ, ಗಾಲಿ ಹಿಂದಕ್ಕೆಳೆದು ಬಿಗಿದರೆ ಮುಗಿಯಿತು. ಗೇರಿನ ಸೈಕಲ್ಲಿನಲ್ಲಿ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರಿನ ಸ್ಪ್ರಿಂಗು ಆ ಸಡಿಲನ್ನು ತಾನೇ ನುಂಗಿಬಿಡುತ್ತದೆ. ಹಾಗಾಗಿ ಚೈನು ಪೂರ್ತಿ ಸವಕಲಾಗಿದ್ದರೂ ಕೈಗೆ ಬಿಗಿಯಾಗೇ ಸಿಗುತ್ತದೆ. ಕೈಪಿಡಿಯಲ್ಲಿ ಈ ಎರಡು ಪದ ಬೆರೆಯಬಾರದು.

‘ತೇಯ್’, ‘ಸವೆ’ ಎರಡೂ ಬೇಕು. ಗಂಧ ತೇಯಲು ಕೊರಡು, ಸಾಣೆಕಲ್ಲು, ನೀರು ಮೂರೂ ಸೇರಬೇಕು. ಚೈನಿನೊಳಗೂ ಅದೇ ನಡೆಯುವುದು: ಪಿನ್ನೇ ಕೊರಡು, ಮಸಾರಿ ಎಂಬ ಕೆಂಪು ಮಣ್ಣಿನ ಮರಳೇ ಕಲ್ಲು, ಹೆಚ್ಚಾಗಿ ಸುರಿದ ಎಣ್ಣೆಯೇ ನೀರು. ತೇಯುವುದು ಮಣ್ಣಿನ ಕೆಲಸ, ಸವೆಯುವುದು ಚೈನಿನ ಪಾಡು. ನಡೆಯುವುದಕ್ಕೆ ‘ಸವೆತ’, ಕಳೆದುಹೋದ ಅಳತೆಗೆ ‘ಸವಕಳಿ’, ಕೊನೆಗುಳಿದ ವಸ್ತುವಿಗೆ ‘ಸವಕಲು’. ಸವಕಲು ನಾಣ್ಯ ಅನ್ನುತ್ತೇವಲ್ಲ, ಹಾಗೆ ಸವಕಲು ಚೈನು. ಇಷ್ಟು ಚೊಕ್ಕ ವಿಂಗಡಣೆ ನಮ್ಮಲ್ಲೇ ಇರುವಾಗ ಹೊರಗಿನ ಪದಕ್ಕೆ ಕೈಚಾಚಬೇಕಿಲ್ಲ.

ಎಣ್ಣೆಯ ಬಗ್ಗೆ ಒಂದು ಮಾತು. ‘ಕೀಲೆಣ್ಣೆ’ ಚೆಂದದ ಹಳೆಯ ಪದ, ಆದರೆ ಬಂಡಿಯ ಅಚ್ಚಿಗೆ ಬಳಿಯುವ ಮಂದವಾದ ಕರಿ ಎಣ್ಣೆ ನೆನಪಾಗುತ್ತದೆ. ಅದನ್ನೇ ಚೈನಿಗೆ ಬಳಿದಾರು. ‘ಚೈನೆಣ್ಣೆ’ ಸಾಕು. ಕ್ರಿಯಾಪದ ಮಾತ್ರ ‘ಹಾಕಿ’ ಅಲ್ಲ, ‘ಉಣಿಸಿ’ ಎಂದಿರಲಿ. ರೋಲರಿಗೊಂದೇ ಹನಿ ಬಿಟ್ಟು, ಪೆಡಲು ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಒಳಗಿಳಿಯಲು ಬಿಟ್ಟು, ಹೊರಗೆ ಉಳಿದದ್ದನ್ನೆಲ್ಲ ಒಣ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಕೆಲಸ ಮಾಡುವುದು ಗೆಣ್ಣಿನೊಳಗೆ ಹೋದ ಎಣ್ಣೆ. ಹೊರಗಿನದು ಧೂಳು ಹಿಡಿಯುತ್ತದೆ ಅಷ್ಟೆ.

ಇನ್ನು ಕೆಸರು, ರಾಡಿ. ನಮ್ಮ ಕಡೆ ‘ರಾಡಿ’ ಅಂದರೆ ತುಳಿದು ಕಲಸಿಹೋದ ತೆಳ್ಳನೆಯ ಕೆಸರು. ಕಾಲುವೆ ಏರಿ, ಭತ್ತದ ಗದ್ದೆಯ ದಾರಿಯಲ್ಲಿ ಇರುವಂಥದ್ದು. ಹಿಂಗಾರಿ ಮಳೆ ಬಿದ್ದ ಎರೆ ಹೊಲದ ಕರಿ ಮಣ್ಣು ರಾಡಿಯಲ್ಲ. ರಾಡಿ ಸಿಡಿಯುತ್ತದೆ, ಎರೆ ಮೆತ್ತಿಕೊಳ್ಳುತ್ತದೆ. ಇದನ್ನು ಬೇರ್ಪಡಿಸದೆ ‘ಕೆಸರಿಗೆ ಮಡ್‌ಗಾರ್ಡ್ ಹಾಕಿ’ ಎಂದು ಬರೆದರೆ ಅನಾಹುತ. ರಾಡಿಗೆ ಮಡ್‌ಗಾರ್ಡ್ ಒಳ್ಳೆಯದು: ಕಣ್ಣಿಗೂ, ಹ್ಯಾಂಡಲು ತಿರುಗುವ ಕೀಲಾದ ಹೆಡ್‌ಸೆಟ್ಟಿಗೂ ಸಿಡಿಯುವುದು ತಪ್ಪುತ್ತದೆ. ಎರೆ ಮಣ್ಣಿನಲ್ಲಿ ಅದೇ ಬಲೆಯಾಗುತ್ತದೆ. ಎರೆ ಹೊಲದಲ್ಲಿ ನಡೆದವನ ಚಪ್ಪಲಿ ಹೆಜ್ಜೆಹೆಜ್ಜೆಗೆ ದಪ್ಪವಾಗುವ ಹಾಗೆ ಟೈರೂ ಸುತ್ತುಸುತ್ತಿಗೆ ದಪ್ಪವಾಗಿ, ಮಡ್‌ಗಾರ್ಡಿನಡಿ, ಫೋರ್ಕಿನ ಕವಲಿನಲ್ಲಿ, ಹಿಂದೆ ಚೈನಿನ ಪಕ್ಕದ ಕೊಳವೆಗಳ ನಡುವೆ ಗಿಡಿದುಕೊಂಡು ಗಾಲಿ ನಿಂತೇಬಿಡುತ್ತದೆ. ಆಗ ಬಲ ಹಾಕಿ ತುಳಿದರೆ ಮಣ್ಣಿನ ಜೊತೆ ಜೋಳದ ದಂಟು ಡಿರೇಲರಿಗೆ ಸಿಕ್ಕಿ, ಅದನ್ನು ಹಿಡಿದಿರುವ ಹ್ಯಾಂಗರು ಮುರಿಯುತ್ತದೆ. ಫ್ರೇಮು ಉಳಿಯಲೆಂದೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ಇಳಿದು, ಕಟ್ಟಿಗೆ ಚೂರಿನಿಂದ ಕೆರೆದು, ಸೈಕಲ್ ಹೊತ್ತು ದಾಟಬೇಕು. ‘ತಳ್ಳಿಕೊಂಡು ಹೋಗಿ’ ಎಂದೂ ಬರೆಯಬೇಡಿ, ತಳ್ಳಿದರೂ ಮೆತ್ತುತ್ತದೆ.

ತೊಳೆಯುವುದೂ ಬೇರೆ ಬೇರೆ. ರಾಡಿಯನ್ನು ಹಸಿಯಿದ್ದಾಗಲೇ ನೀರು ಸುರಿದು ಇಳಿಸಬೇಕು. ಎರೆ ಹಸಿಯಲ್ಲಿ ನೀರು ಕಂಡರೆ ಇನ್ನಷ್ಟು ಜಿಗುಟಾಗುತ್ತದೆ. ಒಣಗಲು ಬಿಟ್ಟರೆ ಕುಗ್ಗಿ, ಬಿರಿದು, ಹಕ್ಕಳೆಯಾಗಿ ಏಳುತ್ತದೆ. ಅದನ್ನು ಬೆರಳಲ್ಲೇ ಕಿತ್ತು, ಉಳಿದದ್ದಕ್ಕೆ ಮಾತ್ರ ನೀರು. ಚೈನನ್ನು ಮಾತ್ರ ಅಂದೇ ಒರೆಸಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ನೀರನ್ನು ಗಾಲಿಯ ನಡುವಿನ ಹಬ್ಬಿಗಾಗಲಿ ಎರಡು ಪೆಡಲುಗಳ ನಡುವಿನ ಅಚ್ಚಿಗಾಗಲಿ ಹಿಡಿದರೆ ಸೀಲು ದಾಟಿ ಬೇರಿಂಗಿನ ಗ್ರೀಸು ಹಾಳಾಗುತ್ತದೆ.

* * *

ಮೇಲಿನವರ ಮಾತಿಗೆ ಸೇರಿಸುವುದು ತುಕ್ಕಿನ ಬಗ್ಗೆ. ‘ಜಂಗು’, ‘ತುಕ್ಕು’ ಒಂದೇ. ಕೈಪಿಡಿಗೆ ‘ತುಕ್ಕು’ ಇರಲಿ. ‘ಕಿಲುಬು’ ತಾಮ್ರ, ಹಿತ್ತಾಳೆಗೆ ಹೇಳುವ ಮಾತು. ಅಲ್ಯೂಮಿನಿಯಂಗೂ ಅದನ್ನೇ ಹೇಳೋಣವೆಂದು ಆಸೆಯಾಗುತ್ತದೆ, ಆದರೆ ಕಿಲುಬು ಅಂದಕೂಡಲೇ ನಮ್ಮವರ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ಹುಳಿ ಅಲ್ಯೂಮಿನಿಯಂಗೆ ಹಿಡಿಸುವುದಿಲ್ಲ. ‘ಬಿಳಿ ಪುಡಿ ಏಳುತ್ತದೆ’ ಎಂದು ಬಿಡಿಸಿ ಬರೆಯುವುದೇ ಸರಿ.

ಚಳಿದೇಶದ ಕೈಪಿಡಿಗಳು ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪಿನ ಬಗ್ಗೆ ಎಚ್ಚರಿಸುತ್ತವೆ. ಆ ಸಾಲನ್ನು ಬಿಟ್ಟುಬಿಡಬೇಡಿ. ಅಲ್ಲಿ ‘ಸವಳು’ ಎಂದು ಬರೆಯಿರಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ, ಗಂಗಾವತಿ, ಸಿಂಧನೂರಿನ ಕಡೆ, ನೀರು ನಿಂತು ಸವಳಾದ ನೆಲವಿದೆ. ಆ ಉಪ್ಪು ಮಣ್ಣು ಬೆಳಗಿನ ಇಬ್ಬನಿಯಲ್ಲಿ ನೆನೆದು ಸೈಕಲ್ಲಿನ ಮೇಲೆ ಕೂತರೆ ಅದೇ ಹಾನಿ. ಉಕ್ಕಿನ ಫ್ರೇಮಿನೊಳಗಿನ ಅಲ್ಯೂಮಿನಿಯಂ ಸೀಟುಕೊಳವೆ ಕಚ್ಚಿಕೊಳ್ಳುತ್ತದೆ. ‘ಜಾಮ್ ಆಗುತ್ತದೆ’ ಎನ್ನುವುದಕ್ಕಿಂತ ‘ಕಚ್ಚಿಕೊಳ್ಳುತ್ತದೆ’ ನಿಖರ, ಎರಡು ಲೋಹ ನಿಜಕ್ಕೂ ಒಂದನ್ನೊಂದು ಹಿಡಿಯುತ್ತವೆ. ಎತ್ತರಕ್ಕೆ ಟೇಪಿನ ಗುರುತು ಅಂಟಿಸಿ, ತಿಂಗಳಿಗೊಮ್ಮೆ ಹೊರಗೆಳೆದು ಒರೆಸಿ, ತೆಳುವಾಗಿ ಗ್ರೀಸು ಸವರಿ ಇಳಿಸಬೇಕು. ಕಾರ್ಬನ್ ಕೊಳವೆಗೆ ಗ್ರೀಸು ಕೂಡದು, ಅದಕ್ಕೆ ಬೇರೆ ಪೇಸ್ಟು ಸಿಗುತ್ತದೆ.

ಬಳ್ಳಾರಿಯವರಿಗೆ ಇನ್ನೊಂದು. ಸಂಡೂರಿನ ದಾರಿಯಲ್ಲಿ ಓಡಿಸಿದ ಸೈಕಲ್ಲಿನ ಚೈನು ಕೆಂಪಗಿದ್ದರೆ ‘ತುಕ್ಕು ಹಿಡಿದಿದೆ’ ಎಂದು ಬರೆಯುವ ಮುನ್ನ ಬಟ್ಟೆಯಿಂದ ಒರೆಸಿ ನೋಡಬೇಕು. ಅದಿರಿನ ಧೂಳೂ ಕಬ್ಬಿಣದ ಆಕ್ಸೈಡೇ, ಬಣ್ಣ ಹೆಚ್ಚುಕಡಿಮೆ ಅದೇ. ಒರೆಸಿದಾಗ ಕೆಳಗೆ ನುಣುಪು ಲೋಹ ಕಂಡರೆ ‘ಧೂಳು ಕೂತಿದೆ’. ಸಣ್ಣ ಕುಳಿಗಳು ಕಂಡರೆ, ಗೆಣ್ಣು ಮಡಿಸಲು ಬಿರುಸಾಗಿದ್ದರೆ ಅದು ತುಕ್ಕು.

ಮುಂದಿನ ಗಾಲಿ ಹಿಡಿದು ಕುಲುಕು ನುಂಗುವ ಫೋರ್ಕಿನ ಹೊಳೆಯುವ ಕೊಳವೆಯ ಬಗ್ಗೆ ಬರೆಯುವಾಗ ‘ಉಜ್ಜಿ’ ಬಳಸಬೇಡಿ. ಒಣ ಮರಳನ್ನು ಉಜ್ಜಿದರೆ ಗೀರು ಬೀಳುತ್ತದೆ, ಗೀರು ಬಿದ್ದ ಕಡೆಯಿಂದ ಒಳಗಿನ ಎಣ್ಣೆ ಜಿನುಗುತ್ತದೆ. ‘ನೀರು ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಒರೆಸಿ’ ಎಂದಿರಲಿ. ಚೈನೆಣ್ಣೆ ಒರೆಸಿದ ಬಟ್ಟೆ ಅದಲ್ಲ, ಬೇರೆ ಬಟ್ಟೆ ಎಂದೂ ಸೇರಿಸಿ. ಆ ಎಣ್ಣೆ ಕೈತಪ್ಪಿ ಡಿಸ್ಕ್ ಬ್ರೇಕಿಗೆ ತಾಗಿದರೆ ಪ್ಯಾಡು ಹೀರಿಕೊಂಡು ಬ್ರೇಕು ಹಿಡಿಯುವುದಿಲ್ಲ.